ಬಿಳಿ ಎನ್ನುವ ಎರಡಕ್ಷರ

“ಇವತ್ತಿಂದ ಅಡ್ಡದಾರಿಗೆಲ್ಲ ಬೀ... ಬೀ...” ಎಂದು ಪೇಂಟರ್ ಎದೆಯುಬ್ಬಿಸಿ ಘೋಷಿಸಿದ.

“ಬೀಗವಾ?” ಎಂದಳು ಹೆಂಡತಿ.

“ಹೂಂ! ಅದೇ!”

ಅವನಿಗೆ ಚಿಕ್ಕಂದಿನಿಂದಲೂ ಉಗ್ಗು. ಉಳಿದ ಅಕ್ಷರಗಳು ಹೇಗೋ ಹೊಂದಿಕೊಂಡು ಹೋಗುತ್ತಿದ್ದವು; ‘ಬ’ ಮಾತ್ರ ಹೊಸ್ತಿಲಲ್ಲೇ ಅಡ್ಡ ಮಲಗುತ್ತಿತ್ತು. ಬಣ್ಣ, ಬ್ರಷ್, ಬಕೆಟ್, ಬಿಳಿ... ಪಾಪ, ಹೊಟ್ಟೆಪಾಡೆಲ್ಲ ‘ಬ’ದಲ್ಲೇ! ಅದಕ್ಕೇ ಅಡ್ಡದಾರಿ ಹಿಡಿದು ಬ್ರಷ್ಷಿಗೆ ಕುಂಚ ಅನ್ನುತ್ತಿದ್ದ, ಬಿಳಿಗೆ ಕ್ಷೀರವರ್ಣ ಅನ್ನುತ್ತಿದ್ದ. ಜನ ಅವನನ್ನು ದೊಡ್ಡ ಪಂಡಿತ ಅಂದುಕೊಂಡಿದ್ದರು.

ಇಷ್ಟು ದಿನ ಮಾತೆಲ್ಲ ಮೇಸ್ತ್ರಿಯದು, ಗೋಡೆಯೆಲ್ಲ ಇವನದು. ಈಗ ಮೊದಲ ಸ್ವಂತ ಕೆಲಸ ಸಿಕ್ಕಿತ್ತು: ಹಲ್ಲಿನ ಡಾಕ್ಟರಮ್ಮನ ಹೊಸ ಕ್ಲಿನಿಕ್ಕು. ಗೋಡೆ ಬಿಳಿಯಾಗಬೇಕು, ತಿಂಗಳೊಳಗೆ ಆಗಬೇಕು. ಕೆಟ್ಟರೆ ಮತ್ತೆ ಮೇಸ್ತ್ರಿಯ ಹಿಂದೆ ಏಣಿ ಹೊರುವುದೇ!

ನರ್ಸ್ ಆಗಿದ್ದ ನಾದಿನಿ ದಾರಿ ತೋರಿಸಿದಳು. “ಭಾವ, ಎದೆ ಡವಗುಟ್ಟಿದ್ರೆ ಅದರ ಜೊತೆ ಜಗಳ ಆಡ್ಬೇಡಿ. ‘ಓಹೋ, ಬಂದ್ಯಾ’ ಅಂತ ಸುಮ್ನೆ ನೋಡಿ. ಉಸಿರು ಗಮನಿಸಿ. ಕಷ್ಟದ ಪದ ಬಿಟ್ಟು ಪಕ್ಕದ ಪದಕ್ಕೆ ಹಾರ್ಬೇಡಿ.”

ಹತ್ತು ದಿನ ಅಭ್ಯಾಸ ಮಾಡಿ, ಹನ್ನೊಂದನೇ ದಿನ ಅಂಗಡಿಗೆ ಫೋನ್ ಹಚ್ಚಿದ.

“ಹಲೋ, ಪೇಂಟ್ ಅಂಗಡಿ.”

ಪೇಂಟರ್ ಉಸಿರು ಗಮನಿಸಿದ. ಒಳಗೆ. ಹೊರಗೆ.

“ಹಲೋ?”

ಒಳಗೆ. ಹೊರಗೆ.

“ಯಾರ್ರೀ ಅದು ಬುಸುಗುಡೋದು!” ಫೋನ್ ಕಟ್!

ಎರಡನೇ ಸಲ ಧೈರ್ಯವಾಗಿ ಶುರುಮಾಡಿದ. “ಎಂಟು ಡಬ್ಬ ಪೇಂಟು ಕಳಿಸಿ. ಬ... ಬ...”

“ಬದನೆಕಾಯಿ ಬಣ್ಣವಾ?”

‘ಬಣ್ಣ ಬಿಳಿ’ ಅನ್ನಬೇಕಿತ್ತು. ಆದರೆ ಮೂವತ್ತು ವರ್ಷದ ಚಾಳಿ! ಯಾರು ಪದ ಮುಗಿಸಿಕೊಟ್ಟರೂ ಹೂಂಗುಟ್ಟಿ ಪಾರಾಗುವುದು. “ಹೂಂ” ಅಂದೇಬಿಟ್ಟ.

ಮರುದಿನ ಡಬ್ಬಗಳು ಬಂದವು. ಮೇಲಿನ ಚೀಟಿ ಓದಿದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಇದೇನ್ರೀ! ಹಲ್ಲು ಕೀಳಿಸೋಕೆ ಬಂದೋರು ಗೋಡೆ ನೋಡೇ ಮೂರ್ಛೆ ಹೋಗ್ತಾರೆ. ಇಂಜೆಕ್ಷನ್ನೇ ಬೇಕಾಗಲ್ಲ ಬಿಡಿ!”

“ಉಸಿರು ಗಮನಿಸ್ತಿದ್ದೆ ಕಣೇ...”

“ಉಸಿರು ನೀವು ಗಮನಿಸಿದ್ರಿ, ಅವನು ಹೇಳಿದ್ದನ್ನ ಯಾರು ಗಮನಿಸ್ಬೇಕಿತ್ತು?” ಅಂದವಳು ಅವನ ಮುಖ ನೋಡಿ ಮೆತ್ತಗಾದಳು. “ಹೋಗ್ಲಿ, ನಾನು ಹೋಗಿ ಹೇಳ್ಲಾ?”

“ಬೇ... ಬೇ...”

ಪದ ಅವಳ ಬಾಯಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದಳು. ಕಾದಳು.

“ಬೇಡ” ಎಂದ ಅವನು. ಆ ಪದವನ್ನು ಅವನ ಬಾಯಿಂದ ಅವಳು ಪೂರ್ತಿ ಕೇಳಿದ್ದು ಅದೇ ಮೊದಲು.

ಡಬ್ಬ ಹೇರಿಕೊಂಡು ಅಂಗಡಿಗೆ ಹೋದ. “ನಾನು ಕೇಳಿದ್ದು ಬಿ... ಬಿ...”

“ಬಿಸ್ಕತ್ ಬಣ್ಣವಾ?”

ಪೇಂಟರ್ ಕೈ ಎತ್ತಿದ. “ನಿಲ್ಲಿ. ಆ ಪದ ನಂದು.”

ಕಿವಿ ಬಿಸಿಯಾಗಿತ್ತು. ಎದೆ ಡೋಲು ಬಡಿಯುತ್ತಿತ್ತು. ಹಿಂದೆ ನಿಂತವರು ಕಾಲು ಬದಲಿಸುತ್ತಿದ್ದರು. ಎಲ್ಲವನ್ನೂ ನೋಡಿದ, ಯಾವುದನ್ನೂ ಓಡಿಸಲಿಲ್ಲ, ತಾನೂ ಓಡಲಿಲ್ಲ.

“ಬಿ... ಬಿ... ಬಿಳಿ!”

ದಂಡಯಾತ್ರೆ ಗೆದ್ದ ಚಕ್ರವರ್ತಿಯ ಹಾಗೆ ಸುತ್ತಲೂ ನೋಡಿದ.

ಅಂಗಡಿಯವನು ನಾಚಿದ. “ಅವಸರಪಟ್ಟೆ, ತಪ್ಪು ನಂದೇ. ಈಗಲೇ ಬದಲಾಯಿಸಿ ಕೊಡ್ತೀನಿ. ಯಾವ ಬಿಳಿ ಸ್ವಾಮಿ? ಬೆಣ್ಣೆಬಿಳಿ, ಬೆಳ್ಳಿಬಿಳಿ, ಬೂದಿಬಿಳಿ, ಬೆಳ್ಳಕ್ಕಿಬಿಳಿ?”

ಚಕ್ರವರ್ತಿ ಒಂದು ದೀರ್ಘ ಉಸಿರೆಳೆದ.

“ಒಂದು ಕುರ್ಚಿ ಕೊಡಿ,” ಎಂದ. “ನಿಮಗೂ ಒಂದು ಹಾಕ್ಕೊಳ್ಳಿ.”