ವಿಲಾಯತಿ ಗಾಳಕೋಲು ಮತ್ತು ನಮ್ಮವ್ವನ ಮಡಿ

ರೋಣದಿಂದ ನರಗುಂದದವರೆಗೆ, ಗಜೇಂದ್ರಗಡವನ್ನೂ ಸೇರಿಸಿಕೊಂಡು ಹುಡುಕಿದರೂ, ವಿಲಾಯತಿ ಗಾಳಕೋಲು ಇದ್ದದ್ದು ಒಬ್ಬನ ಮನೆಯಲ್ಲಿ. ಆ ಒಬ್ಬ ನಾನು, ಅರಿವೆ ಅಂಗಡಿಯ ಅಜ್ಜಪ್ಪ. ಆ ಕೋಲಿನಿಂದ ಒಂದು ಮೀನನ್ನಾದರೂ ಹಿಡಿದು ಊರಿಗೆಲ್ಲ ತೋರಿಸದಿದ್ದರೆ ನನ್ನ ಹೆಸರು ಅಜ್ಜಪ್ಪನೇ ಅಲ್ಲ ಎಂದು ಶಪಥ ಮಾಡಿದವನೂ ನಾನೇ. ಹೆಸರು ಈಗಲೂ ಅದೇ ಇದೆ. ಅದು ಹೇಗೆ ಎಂದು ಮಾತ್ರ ಕೇಳಬೇಡಿ, ನಾನೇ ಹೇಳುತ್ತೇನೆ.

ಮೀನು ಎಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರಿಗೆ ಮೊದಲೇ ಒಂದು ಮಾತು. ನಮ್ಮದು ಲಿಂಗ ಕಟ್ಟಿಕೊಂಡ, ಹಣೆತುಂಬ ವಿಭೂತಿ ಧರಿಸುವ ಮನೆತನ. ಸಾರಿನಲ್ಲಿ ಉಳ್ಳಾಗಡ್ಡಿ ಒಂದು ಹೆಚ್ಚಾದರೂ ನಮ್ಮವ್ವ ಬಾಳವ್ವ ಹುಬ್ಬು ಗಂಟಿಕ್ಕುತ್ತಾಳೆ. ಅಂಥ ಮನೆಗೆ ಗಾಳಕೋಲು ನೇರವಾಗಿ ಬರಲಿಲ್ಲ. ಬಂದೂಕಿನ ವೇಷ ಹಾಕಿಕೊಂಡು ಬಂತು.

ಕನ್ನಡನಾಡು ಒಂದಾಗುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದ ಕಾಲ. ಗದಗಿನಲ್ಲಿ ಹತ್ತಿ ವ್ಯಾಪಾರಕ್ಕಿದ್ದ ಬಿಳಿ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟು, ಮನೆಯ ಸಾಮಾನನ್ನೆಲ್ಲ ಲಿಲಾವಿಗೆ ಇಟ್ಟ. ಅದರಲ್ಲಿ ಉದ್ದನೆಯ ಒಂದು ಕ್ಯಾನ್ವಾಸ್ ಚೀಲವಿತ್ತು. ಬಾಯಿಗೆ ಹಿತ್ತಾಳೆಯ ಬಕ್ಕಲು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಬಂದೂಕಲ್ಲದೆ ಇನ್ನೇನು ಇರಲು ಸಾಧ್ಯ? ಎಲ್ಲರೆದುರು ಬಿಚ್ಚಿ ನೋಡುವುದು ನನ್ನಂಥ ಸಾಹುಕಾರನ ಗತ್ತಿಗೆ ಕಡಿಮೆಯೆಂದು ಹಾಗೆಯೇ ಹರಾಜಿನ ಸವಾಲು ಕೂಗಿ ನನ್ನದಾಗಿಸಿಕೊಂಡೆ. ಊರಿಗೆ ಬರುವಾಗ ಬಸ್ಸಿನಲ್ಲಿ ಅದನ್ನು ಹೆಗಲಿಗೆ ಆನಿಸಿಕೊಂಡು ಕೂತರೆ, ಕಂಡಕ್ಟರು ತಾನಾಗಿಯೇ ಕಿಟಕಿ ಪಕ್ಕದ ಜಾಗ ಬಿಡಿಸಿಕೊಟ್ಟ.

ಮನೆಯಲ್ಲಿ ಬಿಚ್ಚಿದರೆ ಮೂರು ತುಂಡು ಬೆತ್ತ, ದಾರ ಸುತ್ತಿದ ಒಂದು ಗಿರಕಿ, ಒಂದು ತಗಡಿನ ಡಬ್ಬಿ.

"ಇದ್ರಾಗ ಗುಂಡು ಎಲ್ಲಿಂದ ಹಾರತೈತ್ರಿ?" ಎಂದು ಕೇಳಿದಳು ನನ್ನ ಹೆಂಡತಿ ಗೌರವ್ವ.

ಗುಟ್ಟು ಬಿಡಿಸಿದವನು ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಇಮಾಮಸಾಬ. ರಜೆ ಸಿಕ್ಕಾಗಲೆಲ್ಲ ಬಿದಿರು ಕೋಲು ಹಿಡಿದು ಕೆರೆಯ ದಂಡೆಯಲ್ಲಿ ಕೂಡುವ ಮನುಷ್ಯ. ಬೆತ್ತದ ತುಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿದಾಗ ಅವನ ಕಣ್ಣುಗಳು ಅರಳಿದವು.

"ಸಾವಕಾರ್ರ, ಇದು ಗಾಳ. ಹೊಳಿಆಲೂರ ಹತ್ತಿರ ಮಲಪ್ರಭಾ ದಂಡ್ಯಾಗ ಬಿಳಿ ಸಾಹೇಬ್ರು ಇಂಥಾದ್ದ ಬೀಸತಿದ್ರು. ಇದಕ್ಕ ಎರಿಹುಳ ಬ್ಯಾಡ, ಹಿಟ್ಟಿನ ಉಂಡಿ ಬ್ಯಾಡ. ಡಬ್ಬ್ಯಾಗ ನೋಡ್ರಿ."

ಡಬ್ಬಿಯ ತುಂಬ ನೊಣಗಳು! ನಿಜವಾದವಲ್ಲ. ಸಣ್ಣ ಕೊಂಡಿಗಳಿಗೆ ಹಕ್ಕಿಯ ಪುಚ್ಚ, ರೇಷ್ಮೆ ಎಳೆ ಸುತ್ತಿ ಮಾಡಿದ ಹುಸಿ ನೊಣಗಳು. ಕೋಲು ಬೀಸಿದರೆ ದಾರದ ತುದಿಯ ನೊಣ ಹಾರಿಹೋಗಿ ನೀರಿನ ಮೇಲೆ ಮೆಲ್ಲಗೆ ಕೂಡುತ್ತದೆ. ಹುಳವೆಂದು ಮೀನು ಬಾಯಿ ಹಾಕುತ್ತದೆ.

ಆಗಲೇ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಎರೆಹುಳ ಕೊಲ್ಲಬೇಕಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರಾಯಿತು. ಹೀಗೆ ಕೂತಲ್ಲೇ ನಾನು ಮೀನು ಹಿಡಿಯುವುದನ್ನು ಹೆಚ್ಚುಕಡಿಮೆ ಸಸ್ಯಾಹಾರವನ್ನಾಗಿ ಮಾಡಿಬಿಟ್ಟೆ. ಇಮಾಮಸಾಬನಿಗೆ ಮಾತ್ರ ಇದು ತಿಳಿಯಲೇ ಇಲ್ಲ.

"ತಿನ್ನಂಗಿಲ್ಲ ಅಂದ್ರ ಹಿಡಿಯೂದ್ಯಾಕ್ರಿ?"

"ಅದಕ್ಕ ಶೋಕಿ ಅಂತಾರೋ."

"ಹಂಗಾರ ಮೀನಿಗೂ ಮೊದಲ ಹೇಳಿಬಿಡ್ರಿ, ಪಾಪ, ಸುಮ್ಮನ ಹೆದರತಾವು."

ಆ ಕೋಲಿನ ಚೆಲುವನ್ನು ಏನೆಂದು ಹೇಳಲಿ! ಜೇನಿನ ಬಣ್ಣದ ಬೆತ್ತ, ಗೇಣಿಗೊಂದು ಕಡೆ ಕೆಂಪು ರೇಷ್ಮೆಯ ಕಟ್ಟು. ಬುಡ ಹಿಡಿದು ಅಲುಗಿಸಿದರೆ ತುದಿಯವರೆಗೂ ಜೀವ ಹರಿದಂತೆ ನಡುಗುತ್ತಿತ್ತು. ಗಿರಕಿ ತಿರುಗಿಸಿದರೆ ಕರ್ರನೆ ಸದ್ದು. ಅಂಗಡಿಗೆ ಬಂದ ಗಿರಾಕಿಗಳಿಗೆ ಸೀರೆ ತೋರಿಸುವ ಮೊದಲು ಕೋಲು ತೋರಿಸುತ್ತಿದ್ದೆ. ವಾರಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದೆ. "ನನ್ನ ತಲಿಗೆ ಒಮ್ಮೆರ ಇಷ್ಟು ಎಣ್ಣಿ ಹಚ್ಚೀರೇನು?" ಎಂದು ಗೌರವ್ವ ಕೇಳುತ್ತಿದ್ದಳು. ನಾನು ಕೇಳಿಸದವನಂತೆ ಒರೆಸುತ್ತಿದ್ದೆ.

ಬೀಸುವುದನ್ನು ಹಿತ್ತಲಲ್ಲಿ ಕಲಿಯತೊಡಗಿದೆ. ಮೊದಲ ಬೀಸಿಗೆ ನೊಣ ಹೋಗಿ ನುಗ್ಗೆ ಗಿಡದಲ್ಲಿ ಕೂತಿತು. ಎರಡನೆಯದಕ್ಕೆ ಪಕ್ಕದ ಮನೆಯ ಕಳಕಪ್ಪನ ರುಮಾಲು ಗೋಡೆ ದಾಟಿ ನಮ್ಮ ಹಿತ್ತಲಿಗೆ ಬಂತು. ರುಮಾಲಿನ ಹಿಂದೆಯೇ ಕಳಕಪ್ಪನೂ ಬಂದ. ಅವನನ್ನು ಸಮಾಧಾನ ಮಾಡಿ ಕಳಿಸಿ ಮತ್ತೆ ಬೀಸಿದರೆ, ನೀರು ತರುತ್ತಿದ್ದ ಗೌರವ್ವನ ಸೆರಗಿಗೆ ಸಿಕ್ಕಿತು. ಕೊಡ ಕೆಳಗೆ ಬಿತ್ತು. ಅವಳು ಕೊಂಡಿ ಬಿಡಿಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟ ವರ್ಷದಾಗ ನಿಮ್ಮ ಗಾಳಕ್ಕ ಸಿಕ್ಕಾಕಿ ನಾನೊಬ್ಬಾಕೀನ ನೋಡ್ರಿ."

ಅವ್ವನಿಗೆ ಮಾತ್ರ ನಿಜ ಹೇಳಿರಲಿಲ್ಲ. "ಇದೇನೋ ಅಜ್ಜಪ್ಪ?" ಎಂದು ಕೇಳಿದಾಗ, "ಅಂಗಡ್ಯಾಗ ಮ್ಯಾಲಿನ ಅರಿವಿ ಥಾನು ಇಳಸೋ ಕೋಲವಾ" ಎಂದಿದ್ದೆ. ಅವಳು ಅದನ್ನು ಕೈಗೆ ತೆಗೆದುಕೊಂಡು, ತೂಗಿ ನೋಡಿ, "ಭಾಳ ಹಗೂರ ಐತಿ" ಎಂದಳು. ಆ ಮಾತಿಗೆ ನಾನು ಆಗಲೇ ಎಚ್ಚರಾಗಬೇಕಿತ್ತು.

ನಮ್ಮ ಮನೆಯಲ್ಲಿ ಮಡಿ ಬಟ್ಟೆ ಒಣಹಾಕುವ ಗಳ ಇರುವುದು ಪಡಸಾಲೆಯ ಜಂತಿಗೆ ಹತ್ತಿರ, ಯಾರ ಕೈಗೂ ಮೈಗೂ ತಾಗದಷ್ಟು ಎತ್ತರದಲ್ಲಿ. ಜಳಕ ಮಾಡಿ ಒದ್ದೆ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ ಆ ಗಳದ ಮೇಲೆ ಹರವಬೇಕು. ಅದೇ ಮಡಿಕೋಲು. ಹಳೆಯ ಬಿದಿರಿನ ಮಡಿಕೋಲು ಎತ್ತಿ ಎತ್ತಿ ಅವ್ವನ ರಟ್ಟೆ ಸೋತಿತ್ತು. ಒಂದು ಸಂಜೆ ಅಂಗಡಿಯಿಂದ ಬಂದು ನೋಡುತ್ತೇನೆ, ನನ್ನ ವಿಲಾಯತಿ ಗಾಳಕೋಲಿನ ಬುಡದ ಎರಡು ತುಂಡು ದೇವರ ಕೋಣೆಯ ಮೂಲೆಯಲ್ಲಿ ನಿಂತಿವೆ. ತೊಳೆದು, ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಾಳೆ.

"ಅವ್ವಾ, ಏನಿದು?"

"ಮಡಿಕೋಲು. ಹೂವಿನಂಗ ಐತಿ ನೋಡು, ರಟ್ಟಿ ನೋವ ಗೊತ್ತಾಗಂಗಿಲ್ಲ. ಜಳಕ ಮಾಡಲಾರದ ಮುಟ್ಟಬ್ಯಾಡ ಮತ್ತ."

"ಅಂಗಡ್ಯಾಗ ಥಾನು ಇಳಸೋದು?"

"ಇಷ್ಟ ದಿನ ಹ್ಯಾಂಗ ಇಳಸತಿದ್ದಿ, ಹಂಗ ಇಳಸು."

ಈಗ ನನ್ನ ಪರಿಸ್ಥಿತಿ ನೋಡಿ. ಕೋಲು ನನ್ನದು, ಆದರೆ ಮುಟ್ಟಬೇಕಾದರೆ ತಲೆಮೇಲೆ ನೀರು ಹಾಕಿಕೊಂಡು, ಮಡಿ ಧೋತರ ಉಟ್ಟು, ವಿಭೂತಿ ಹಚ್ಚಿಕೊಳ್ಳಬೇಕು. ಹೊರಗೆ ಒಯ್ಯಬೇಕಾದರೆ ಕಾರಣ ಬೇಕು. "ಕೆರ್ಯಾಗ ತಾವರಿ ಹೂವ ಅದಾವವಾ. ದೇವರಿಗೆ ಎಳಕೊಂಡು ಬರತೀನಿ" ಎಂದೆ. ಅವ್ವನ ಮುಖ ಅರಳಿತು. ಮಗನಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತು ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು.

ಅಂದಿನಿಂದ ಜಗತ್ತಿನಲ್ಲಿಯೇ ಮಡಿಯಲ್ಲಿ ಮೀನು ಹಿಡಿಯಲು ಹೋಗುವ ಏಕಮಾತ್ರ ಶೋಕಿಲಾಲ ನಾನಾದೆ. ಪ್ರತಿ ವಾರ ರಜೆಯ ದಿನ ಮುಂಜಾನೆ ತಣ್ಣೀರಿನಲ್ಲಿ ಮಿಂದು, ನಡುಗುತ್ತ, ಪುರ್ತಗೇರಿ ಕಡೆಯ ಕೆರೆಗೆ ಹೋಗುತ್ತಿದ್ದೆ. ಕಿಸೆಯಿಲ್ಲದ ಧೋತರದ ಸೊಂಟದಲ್ಲಿ ಗಿರಕಿ, ನೊಣದ ಡಬ್ಬಿ; ಬಗಲಲ್ಲಿ ಕೋಲಿನ ತುದಿಯ ತುಂಡು. ಮೀನು ಬೀಳುತ್ತಿರಲಿಲ್ಲ. ಹೂವಂತೂ ಒಂದು ಸಲವೂ ತಪ್ಪಿಸಿಕೊಳ್ಳಲಿಲ್ಲ. ಮನೆಯ ದೇವರು ತಾವರೆಯಲ್ಲಿ ಮುಳುಗಿಹೋದ. ಅತ್ತ ಇಮಾಮಸಾಬ ತನ್ನ ಬಿದಿರು ಕೋಲಿನಿಂದ ಸಂಜೆಯ ಸಾರಿಗೆ ಬೇಕಾದಷ್ಟು ಹಿಡಿದು, ನನ್ನ ಬುಟ್ಟಿ ನೋಡಿ, "ಏನ ಹೂವರಿ ಸಾವಕಾರ್ರ, ಭಾಳ ಚಲೋ ಅದಾವು" ಎನ್ನುತ್ತಿದ್ದ.

ವರ್ಷ ಕಳೆಯಿತು. ಒಂದು ದಿನ ಸೈಕಲ್ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ಮಂದಿಯ ಎದುರಿಗೇ ಅವನು ಕೇಳಿಬಿಟ್ಟ.

"ಖರೇ ಹೇಳ್ರಿ, ಆ ಕೋಲಿಗೆ ಒಂದರ ಮೀನ ಮುತ್ತ ಕೊಟ್ಟೈತೇನ್ರಿ?"

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಅಂದಿದ್ದರೆ ಸಹಿಸುತ್ತಿದ್ದೆ, ಕೋಲನ್ನು ಅಂದದ್ದು ಸಹಿಸಲಾಗಲಿಲ್ಲ.

"ಬರೂ ಸೂಟಿ ದಿನ ಕೆರಿಗೆ ಬರ್ರಿ ಎಲ್ಲಾರು. ಮೀನ ಹಿಡಿದು ತೋರಸ್ತೀನಿ. ಹಿಡೀಲಿಲ್ಲಂದ್ರ ನನ್ನ ಹೆಸರ ಅಜ್ಜಪ್ಪನ ಅಲ್ಲ, ಈ ಕೋಲೂ ನಿಂದು ಇಮಾಮಸಾಬ."

ಮಾತು ಬಾಯಿಂದ ಹೊರಬಿದ್ದ ಮೇಲೆ ಲೆಕ್ಕ ಹಾಕಿದೆ. ಹಿಡಿಯದಿದ್ದರೆ ಕೋಲು ಹೋಗುತ್ತದೆ. ಹಿಡಿದರೆ ಸುದ್ದಿ ಅವ್ವನಿಗೆ ಮುಟ್ಟುತ್ತದೆ. ಆದರೂ ಕೋಲು ಉಳಿಯುವುದೇ ಮುಖ್ಯ ಎಂದುಕೊಂಡೆ. ಇಮಾಮಸಾಬ ಒಳ್ಳೆಯವನು. ನನ್ನ ಮುಖ ನೋಡಿ, "ಮೀನ ಎಲ್ಲಿ ಕುಂದರತಾವು ಆ ಜಾಗಾ ನಾನ ತೋರಸ್ತೀನ್ರಿ. ಆಮ್ಯಾಲ ನಿಮ್ಮ ನಸೀಬ" ಎಂದ.

ಆ ದಿನ ಕೆರೆಯ ದಂಡೆಯಲ್ಲಿ ಅರ್ಧ ಪೇಟೆಯೇ ನೆರೆದಿತ್ತು. ನೇಕಾರರು ಮಗ್ಗ ಬಿಟ್ಟು ಬಂದಿದ್ದರು. ಶೇಂಗಾ ಮಾರುವವನೂ ಬಂದು ಬುಟ್ಟಿ ಇಳಿಸಿದ್ದ. ನಾನು ಮಡಿ ಧೋತರದಲ್ಲಿ, ಕೈಯಲ್ಲಿ ಕೋಲು ಹಿಡಿದು, ಮದುಮಗನ ಗತ್ತಿನಿಂದ ನೀರಿಗಿಳಿದೆ. ಆಗಲೇ ಹಿಂದೆ ಚಕ್ಕಡಿಯ ಗಂಟೆ ಕೇಳಿಸಿತು. ತಿರುಗಿ ನೋಡಿದರೆ ಅವ್ವ! ಪಕ್ಕದಲ್ಲಿ ಗೌರವ್ವ, ಅವಳ ತೊಡೆಯ ಮೇಲೆ ದೊಡ್ಡ ಬುಟ್ಟಿ.

"ಇವತ್ತ ಹೂವ ಜಾಸ್ತಿ ಬೇಕೋ ಅಜ್ಜಪ್ಪ," ಎನ್ನುತ್ತ ಅವ್ವ ಬೇವಿನ ನೆರಳಿನಲ್ಲಿ ಕೂತಳು. "ಇಷ್ಟ ಮಂದಿ ಯಾಕ ಕೂಡೇತಿ?"

"ಹೂವ ನೋಡಾಕವಾ," ಎಂದೆ.

ಮಂದಿ ಬಾಯಿಗೆ ರುಮಾಲು ಅಡ್ಡ ಹಿಡಿದುಕೊಂಡರು. ಹಿಂದಕ್ಕೆ ಹೋಗುವಂತಿಲ್ಲ, ಮುಂದೆ ಬೀಸುವಂತಿಲ್ಲ. ಇಮಾಮಸಾಬ ಮಾತಾಡದೆ ತಾವರೆ ಎಲೆಗಳ ಆಚೆ ಬೆರಳು ತೋರಿಸಿದ. ಹೂವಿನ ಕಡೆಗೇ ಬೀಸಿದಂತೆ ಕಂಡೀತು ಎಂದು ಧೈರ್ಯ ಮಾಡಿ ಕೋಲೆತ್ತಿದೆ.

ಆಹಾ, ಅದೊಂದು ಬೀಸು! ವರ್ಷದ ತಪಸ್ಸೆಲ್ಲ ಅದರಲ್ಲಿತ್ತು. ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋಗಿ, ನೊಣ ಎಲೆಯ ಅಂಚಿನಲ್ಲಿ ಸದ್ದಿಲ್ಲದೆ ಇಳಿಯಿತು. ಮರುಕ್ಷಣ ನೀರು ಬುಳಕ್ಕೆಂದಿತು. ಗಿರಕಿ ಕರ್ರನೆ ಕೂಗಿತು. ಕೋಲು ಬಿಲ್ಲಿನಂತೆ ಬಾಗಿತು. ಆ ತುದಿಯಲ್ಲಿ ಒಂದು ಜೀವ ಎಳೆಯುತ್ತಿರುವುದು ನನ್ನ ಅಂಗೈಗೆ ತಿಳಿಯಿತು. ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಗೌರವ್ವ ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ.

"ಬಿತ್ತು," ಎಂದು ಕಿರುಚಿದೆ. ಅವ್ವನ ನೆನಪು ಆಗ ಯಾರಿಗಿತ್ತು? ಮಂದಿಯೆಲ್ಲ ಎದ್ದು ನಿಂತಿತು. ಮೀನು ನೀರಿನಿಂದ ಮೇಲೆ ಹಾರಿ, ಬಿಸಿಲಿಗೆ ಹೊಳೆದು, ಬಾಯಿ ತೆರೆದು, ಉಗುಳುವಂತೆ ನೊಣವನ್ನು ಬಿಟ್ಟು, ನೀರಿಗೆ ಬಿದ್ದು ಹೊರಟುಹೋಯಿತು. ಕೋಲು ನೆಟ್ಟಗಾಯಿತು. ನಾನು ಮಾತ್ರ ಕೆಸರಿನಲ್ಲಿ ಕೂತುಬಿಟ್ಟೆ.

ಯಾರೂ ನಗಲಿಲ್ಲ. ಇಮಾಮಸಾಬ ಮುಂದೆ ಬಂದ.

"ಮಾತಿನ ಪ್ರಕಾರ ಕೋಲು ನಂದಾತ್ರಿ ಸಾವಕಾರ್ರ. ಆದ್ರ ನಮ್ಮವ್ವ ಲಾಲಬಿ ಹೇಳಿ ಕಳಿಸ್ಯಾಳ, ಬಾಳವ್ವಾರ ಮಡಿಕೋಲು ಬಾಳವ್ವಾರ ಮನಿ ಬಿಡಬಾರದು ಅಂತ. ಅದಕ್ಕ ನಾ ಮುಟ್ಟಂಗಿಲ್ಲ. ಅವ್ವಾರ, ನಿಮಗ ಕೊಟ್ಟೀನ್ರಿ."

ನನ್ನ ಕೋಲು ನನ್ನ ಕೈಯಲ್ಲಿ ಇದ್ದಂತೆಯೇ ಅವನದಾಗಿ, ಅವನಿಂದ ಅವ್ವನದಾಗಿತ್ತು. ಬಾಡಿದ ಮುಖದಿಂದ ದಾರ ಸುತ್ತಿಕೊಂಡು ನೊಣವನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಪುಚ್ಚ ಸರಿಸಿದೆ. ಕೊಂಡಿಗೆ ಮೊನೆಯೇ ಇಲ್ಲ! ಡಬ್ಬಿ ತೆರೆದೆ. ಒಂದಕ್ಕೂ ಮೊನೆಯಿಲ್ಲ.

"ಯಾರು ಮಾಡಿದ್ರಿದನ್ನ? ಎಲ್ಲಾ ಮೊಂಡ ಆಗ್ಯಾವು."

"ನಾನ. ಒರಳಕಲ್ಲಿಗೆ ತಿಕ್ಕಿದೆ," ಎಂದಳು ಅವ್ವ ನೆರಳಿನಿಂದಲೇ.

"ಅಂದ್ರ ಇದು ಗಾಳ ಅಂತ ನಿನಗ ಗೊತ್ತಿತ್ತೇನವಾ?"

"ಥಾನು ಇಳಸೋ ಕೋಲಿಗೆ ಕೊಂಡಿ, ಪುಚ್ಚ ಯಾಕ ಬೇಕೋ? ಮೊದಲನೇ ದಿನಾನ ಗೊತ್ತಾತು."

"ಗೊತ್ತಿದ್ದೂ ಮಡಿಗೆ ಇಟಗೊಂಡ್ಯಾ?"

"ಲಾಲಬಿನ್ನ ಕೇಳಿದ್ನೆಪಾ. ಅಕಿ ಮಗ ನಿನ್ನ ಕೂಡ ದಂಡ್ಯಾಗ ಇರತಾನಲ್ಲ. 'ಏನೂ ಚಿಂತಿ ಮಾಡಬ್ಯಾಡ್ರಿ ಬಾಳವ್ವ, ನಿಮ್ಮ ಮಗನ ಕೈಯಾಗ ಇದ್ರ ದೇವರ ಕೋಣ್ಯಾಗ ಇದ್ದಂಗ' ಅಂದ್ಲು."

ಈಗ ಮಂದಿ ನಕ್ಕಿತು. ನಗಲಿ. ನನಗೆ ಮಾತ್ರ ಕತ್ತಲೆಯಲ್ಲಿ ದೀಪ ಸಿಕ್ಕಂತಾಗಿತ್ತು. ಕೆಸರಿನಿಂದ ಎದ್ದೆ. ಎದೆ ಉಬ್ಬಿಸಿದೆ. ಕೊಂಡಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ನೋಡ್ರಿ, ಎಲ್ಲಾರೂ ಸರಿಯಾಗಿ ನೋಡ್ರಿ. ಒಂದ ವರ್ಷ ನನಗ ನಕ್ಕೀರಿ. ಕೋಲಿಂದೂ ತಪ್ಪಿಲ್ಲ, ನನ್ನ ಕೈಯಿಂದೂ ತಪ್ಪಿಲ್ಲ. ಮೊಂಡ ಕೊಂಡಿಗೆ ಯಾವ ಮೀನ ನಿಂದರತೈತಿ? ಹೇಳವಾ, ನೀನ ಹೇಳು ಇವರಿಗೆ."

ಅವ್ವ ಎದ್ದು ಬಂದು, ನನ್ನ ಕೈಯಿಂದ ಕೋಲು ತೆಗೆದುಕೊಂಡು, ಸೆರಗಿನಿಂದ ಕೆಸರು ಒರೆಸಿದಳು.

"ತಿಕ್ಕಿದ್ದು ನಿನ್ನಿ ಸಂಜೀಕೋ ತಮ್ಮಾ. ಇಮಾಮಸಾಬ ಜಾಗಾ ತೋರಸ್ತಾನಂತ ಕೇಳಿ ಹೆದರಿಕಿ ಆತು. ಅಲ್ಲೀತನಕ ತಿಕ್ಕೋ ಗರಜ ಬಿದ್ದಿರಲಿಲ್ಲ."