ನೀರಿಳಿಯುವುದನ್ನು ನೋಡಿದ ಕೂಲಿ

ನಲ್ಲಿ ಒಣಗಿದರೆ, ಕರೆಂಟು ಹೋದರೆ ಬೆಲೆ ಏರುವುದು ನಾನು ಸುತ್ತಿದ ಎಲ್ಲ ಊರುಗಳಲ್ಲೂ ಇದ್ದದ್ದೇ. ಆದರೆ ಏರಿಸಿದ ಬೆಲೆಗೆ ಸಮಜಾಯಿಷಿ ಕೊಡುವುದರಲ್ಲಿ ಕೇರಳದವರನ್ನು ಮೀರಿಸುವವರು ನನಗಿನ್ನೂ ಸಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ನೌಕರಿಗೆಂದು ಅಲ್ಲಿದ್ದಷ್ಟು ಕಾಲ ಇಂಥದ್ದೊಂದು ನಡೆಯುತ್ತಲೇ ಇತ್ತು.

ಮೇಣದಬತ್ತಿ

ಕೊಚ್ಚಿಯಲ್ಲಿ ವೈಟ್ಟಿಲದ ಹತ್ತಿರ ನನ್ನ ಮನೆ. ಗಾಳಿಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟಿಲ್ಲ. ಮೂಲೆಯಂಗಡಿಯ ಅಜ್ಜ ಮೇಣದಬತ್ತಿಗೆ ಎರಡರಷ್ಟು ಹೇಳಿದ. ಮೊನ್ನೆ ಇದೇ ಬತ್ತಿಯನ್ನು ಅರ್ಧಕ್ಕೆ ಕೊಟ್ಟಿದ್ದಿರಲ್ಲ ಎಂದು ಜಗಳಕ್ಕೆ ನಿಂತೆ. ಅಜ್ಜನಿಗೆ ಸಿಟ್ಟೇ ಬರಲಿಲ್ಲ; ಅಕ್ಕ ಎಂಬರ್ಥದಲ್ಲಿ ಚೇಚಿ ಎಂದೇ ಕರೆದ.

"ಕರೆಂಟು ಬಂದ ಮೇಲೆ ಬನ್ನಿ ಚೇಚಿ, ಹಳೇ ಬೆಲೆಗೇ ಕೊಡ್ತೇನೆ."

ಖಂಡನಾ ನಿರ್ಣಯ

ಮುಂದೆ ತಿರುವನಂತಪುರಕ್ಕೆ ವರ್ಗವಾಯಿತು. ಪಟ್ಟಂನಲ್ಲಿ ನಮ್ಮ ಫ್ಲ್ಯಾಟುಗಳಿಗೆ ನೀರು ತರುವ ದೊಡ್ಡ ಪೈಪು ಒಡೆದು, ಟ್ಯಾಂಕರ್ ನೀರಿನ ಬೆಲೆ ದಿನಕ್ಕೊಂದು ಮೆಟ್ಟಿಲು ಹತ್ತತೊಡಗಿತು. ಮೂರನೇ ಮಹಡಿಯಲ್ಲಿ, ನಾವೆಲ್ಲ ಸಾರ್ ಎನ್ನುತ್ತಿದ್ದ ನಿವೃತ್ತ ನೌಕರರ ಮನೆಯಲ್ಲಿ ಮಗಳು ಹೆತ್ತು ವಾರವಾಗಿತ್ತು. ಬಾಣಂತಿಗೆ ದಿನಾ ಎಣ್ಣೆ ತಿಕ್ಕಿ, ಸೊಪ್ಪು ಕುದಿಸಿದ ಬಿಸಿನೀರು ಎರೆಯಬೇಕು. ಒಂದು ದಿನ ತಪ್ಪಿದರೂ ತಾನು ಮತ್ತೆ ಬರುವುದಿಲ್ಲ ಎಂದು ನೀರೆರೆಯುವ ಅಮ್ಮ ಹೇಳಿಬಿಟ್ಟಿದ್ದಳು. ಆದರೂ ಏರಿಸಿದ ಬೆಲೆ ಕೊಡಬಾರದೆಂಬ ತತ್ವವನ್ನು ಸಾರ್ ಬಿಡಲಿಲ್ಲ. ನಿವಾಸಿಗಳ ಸಭೆ ಕರೆದರು. ಸ್ವಾಗತವಾಯಿತು, ಅಧ್ಯಕ್ಷ ಭಾಷಣವಾಯಿತು, ಬೆಲೆಯೇರಿಕೆಯನ್ನು ಖಂಡಿಸಿ ಎಲ್ಲರೂ ಕೈಯೆತ್ತಿದೆವು. ವಂದನಾರ್ಪಣೆ ಮುಗಿಸಿ ಹೊರಬಂದರೆ, ನಮಗೆಂದು ಬಂದಿದ್ದ ಲಾರಿ ಪಕ್ಕದ ಕಾಂಪೌಂಡಿನಲ್ಲಿ ಖಾಲಿಯಾಗುತ್ತಿತ್ತು.

ನೋಕ್ಕುಕೂಲಿ

ಮರುದಿನ ಬೆಳಿಗ್ಗೆ ಸಾರ್ ಮನೆಯಲ್ಲಿ ಉಳಿದದ್ದು ಒಂದೇ ಬಿಂದಿಗೆ ನೀರು. ತತ್ವವನ್ನು ಮಡಚಿಟ್ಟು, ಎರಡರಷ್ಟು ಬೆಲೆಗೆ ಒಪ್ಪಿ ಲಾರಿ ತರಿಸಿದರು. ಚಾಲಕ ನೆಲದಡಿಯ ಸಂಪ್‌ಗೆ ಕೊಳವೆ ಬಿಡುವಷ್ಟರಲ್ಲಿ ಬೀದಿಯ ಮೂವರು ಹಮಾಲರು ಹಾಜರು. ಆ ಬೀದಿಯಲ್ಲಿ ಲಾರಿಯಿಂದ ಏನಿಳಿದರೂ, ಅವರು ಕೈ ಹಚ್ಚದೆ ಬರೀ ನಿಂತು ನೋಡಿದರೂ, ಅವರಿಗೆ ಕೂಲಿ ಸಲ್ಲಬೇಕು. ಅದಕ್ಕೆ ನೋಕ್ಕುಕೂಲಿ ಎಂದು ಹೆಸರು.

ನೀರು ತಾನಾಗಿಯೇ ಇಳಿಯುತ್ತದಲ್ಲಯ್ಯಾ ಎಂದರು ಸಾರ್. ಇಳಿಯುವುದನ್ನು ನಾವು ನೋಡುತ್ತಿದ್ದೇವಲ್ಲ ಸಾರ್ ಎಂದ ಅವರ ಮೇಸ್ತ್ರಿ. ಎಲ್ಲರಿಗಿಂತ ಹೆಚ್ಚು ನೊಂದುಕೊಂಡವನು ಚಾಲಕ. ಕಷ್ಟದಲ್ಲಿರುವ ಜನರಿಂದ ಹೀಗೆಲ್ಲ ದುಡ್ಡು ಕೀಳಬಾರದು ಎಂದು ಉಪದೇಶಕ್ಕೆ ಶುರುಮಾಡಿದ.

ಅಷ್ಟರಲ್ಲಿ ಮೇಲೆ ಮಗು ಅತ್ತಿತು. ಎಷ್ಟು ದಿನದ್ದು ಎಂದು ಮೇಸ್ತ್ರಿ ನನ್ನನ್ನು ಕೇಳಿದ. ಎಂಟು ಎಂದೆ. ತಾಯಿಗೆ ಸ್ನಾನವಾಯಿತೇ ಎಂದ. ಎಲ್ಲಿಯ ಸ್ನಾನ, ಪಂಪೂ ಕೆಟ್ಟಿದೆ, ಮೂರು ಮಹಡಿ ಹೊರುವವರು ಯಾರು ಎಂದೆ. ಮೂವರೂ ಮುಖ ಮುಖ ನೋಡಿಕೊಂಡರು. ಉಟ್ಟ ಮುಂಡು ಎತ್ತಿ ಕಟ್ಟಿ, ಬಕೆಟ್ಟುಗಳನ್ನು ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟರು. ನೀರೆರೆಯುವ ಅಮ್ಮ ಬರುವ ಹೊತ್ತಿಗೆ ಸಾರ್ ಮನೆಯ ಚೆಂಬು, ಚರಿಗೆಯವರೆಗೆ ಎಲ್ಲ ತುಂಬಿತ್ತು. ಕೂಲಿ ಕೊಡಹೋದರೆ ಮೇಸ್ತ್ರಿ ಮುಟ್ಟಲಿಲ್ಲ. ಬೆವರೊರೆಸಿಕೊಂಡು, ಲಾರಿಗೆ ಒರಗಿ ಬೀಡಿ ಸೇದುತ್ತಿದ್ದ ಚಾಲಕನ ಕಡೆ ತಿರುಗಿದ.

"ನಾವು ನೋಡಿದರೆ ಕೂಲಿ ತೊಗೋತೇವೆ. ನಾವು ದುಡಿಯೋದನ್ನ ಬೇರೆಯವರು ನಿಂತು ನೋಡಿದರೆ, ಅವರು ಕೊಡಬೇಕು. ಸಾರ್ ಹತ್ತಿರ ಅರ್ಧ ದುಡ್ಡು ತೊಗೊಂಡು ಹೊರಡು."