ಹಡಗಿನಲ್ಲಿ ಮೊದಲ ಪಂಕ್ತಿ

ಎದೆ ತಟ್ಟಿ ಹೇಳಿಕೊಳ್ಳಬಹುದಾದ ಒಂದು ವಿದ್ಯೆಯಾದರೂ ಮನುಷ್ಯನಿಗೆ ಇರಬೇಕು. ಇಲ್ಲದಿದ್ದರೆ ನಾಲ್ಕು ಜನರ ನಡುವೆ ಬಾಯಿ ಬಿಡುವುದೇ ಕಷ್ಟ. ನಮ್ಮ ಪಕ್ಕದ ಮನೆಯವರಿಗೆ ಷೇರು ಪೇಟೆ ಗೊತ್ತು. ಎದುರು ಮನೆಯವರಿಗೆ ಉಳಿದೆಲ್ಲರ ಮನೆಯ ವಿಷಯ ಗೊತ್ತು. ನನಗೆ ಪಂಕ್ತಿ ಗೊತ್ತು. ಮದುವೆ ಮನೆಯ ಊಟದ ಪಂಕ್ತಿ. ನಗಬೇಡಿ, ಅದು ನೀವು ತಿಳಿದುಕೊಂಡಷ್ಟು ಸುಲಭದ ವಿದ್ಯೆಯಲ್ಲ.

ಇದು ನನಗೆ ವೃತ್ತಿಯಿಂದ ಬಂದದ್ದು. ಬನಶಂಕರಿಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಿದೆ. ಪತ್ರಿಕೆ ಮಾಡಿಸಿಕೊಂಡವರು ಕಟ್ಟು ಬಿಚ್ಚಿ, ಮೊದಲ ಪ್ರತಿಯನ್ನು ದೇವರಿಗೆಂದು ಎತ್ತಿಟ್ಟು, ಎರಡನೆಯದನ್ನು ನನ್ನ ಕೈಗೇ ಕೊಟ್ಟು "ನೀವೂ ಬರ್ಲೇಬೇಕು ಸಾರ್" ಎನ್ನುತ್ತಾರೆ. ಅವರು ಸೌಜನ್ಯಕ್ಕೆ ಕರೆಯುತ್ತಾರೆ, ನಾನು ಸೌಜನ್ಯಕ್ಕೆ ಹೋಗುತ್ತೇನೆ. ಹೀಗಾಗಿ ಜಯನಗರದಿಂದ ಜೆ.ಪಿ. ನಗರದ ತುದಿಯವರೆಗೆ ನಾನು ಉಣ್ಣದ ಛತ್ರವಿಲ್ಲ. ಎಲ್ಲಿ ಊಟದ ಮನೆ ನೆಲಮಾಳಿಗೆಯಲ್ಲಿದೆ, ಎಲ್ಲಿ ಬಡಿಸುವವರು ಎಡಗಡೆಯ ಸಾಲಿನಿಂದ ಶುರು ಮಾಡುತ್ತಾರೆ, ಫ್ಯಾನಿನ ನೇರ ಕೆಳಗಿನ ಎಲೆ ಯಾವುದು, ಎಲ್ಲ ನನಗೆ ಬಾಯಿಪಾಠ. ಮೊದಲ ಪಂಕ್ತಿಯವನಿಗೆ ಹೋಳಿಗೆಯೂ ಬಿಸಿ, ತುಪ್ಪವೂ ಧಾರಾಳ. ಎರಡನೆಯ ಪಂಕ್ತಿಗೆ ತುಪ್ಪ ಚಮಚದ ತುದಿಗೆ ಬಂದಿರುತ್ತದೆ. ಮೂರನೆಯದರಲ್ಲಿ ಕೂತವನು ಪಾಯಸದಲ್ಲಿ ಗೋಡಂಬಿ ಹುಡುಕುತ್ತಾ ವಧೂವರರಿಗೆ ಶುಭ ಹಾರೈಸಬೇಕು.

ಮೊದಲ ಪಂಕ್ತಿ ತಪ್ಪಿತೆಂದು ನಾನು ಕಂಗಾಲಾಗುವವನೂ ಅಲ್ಲ. ಉಣ್ಣುತ್ತಿರುವವರ ಕುರ್ಚಿಯ ಹಿಂದೆ ನಿಂತು ಜಾಗ ಹಿಡಿಯುವುದಿದೆಯಲ್ಲ, ಅದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಇನ್ನೂ ಹುಳಿಯನ್ನದಲ್ಲಿರುವವರ ಹಿಂದೆ ನಿಲ್ಲುವುದು ಎಳಸುತನ. ಮಜ್ಜಿಗೆಗೆ ಬಂದವರ ಹಿಂದೆ ನಿಲ್ಲಬೇಕು. ಕೈ ಕುರ್ಚಿಯ ಬೆನ್ನಿನ ಮೇಲೆ ಹಗುರವಾಗಿರಬೇಕು. ಕಣ್ಣು ಅವರ ಎಲೆಯ ಮೇಲಿರಬಾರದು, ಇದ್ದರೂ ಅವರಿಗೆ ಗೊತ್ತಾಗಬಾರದು. ಒಮ್ಮೆ ನಾನು ಹೀಗೆ ನಿಂತಿದ್ದಾಗ ಉಣ್ಣುತ್ತಿದ್ದ ಯಜಮಾನರೊಬ್ಬರು ಎರಡನೇ ಸಲ ಮಜ್ಜಿಗೆ ಕೇಳಿದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಇಂಥ ನನ್ನ ಕೈಗೆ ಹಡಗಿನ ಊಟದ ಏರ್ಪಾಟು ಬಂತು. ಮಗಳು ಮೇಘ ಮತ್ತು ಅಳಿಯ ಬಸವರಾಜ ಇಬ್ಬರೂ ಆಫೀಸಿಗೆ ಹೋಗುವವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ಅಳಿಯ ಬಾಗಲಕೋಟೆ ಕಡೆಯವನು. ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತೆಂದು ಅವರಿಬ್ಬರೂ ಸೇರಿ ಮೂರು ರಾತ್ರಿಯ ಹಡಗು ಪ್ರವಾಸ ಗೊತ್ತು ಮಾಡಿದರು. ನಾನು, ಹೆಂಡತಿ ವಿಶಾಲು, ಎಂಬತ್ತರ ನನ್ನ ಅಮ್ಮ, ಮಗಳು, ಅಳಿಯ, ಒಟ್ಟು ಐದು ಜನ. ಟಿಕೆಟ್ಟಾದ ಮೇಲೆ ಊಟ ಹೇಗೆ ಬೇಕು ಎಂದು ಕೇಳಿ ಹಡಗಿನವರಿಂದ ಫಾರಂ ಬಂತು. ದೊಡ್ಡ ಊಟದ ಮನೆಯಲ್ಲಿ ಮೊದಲ ಸಿಟಿಂಗ್ ಸಂಜೆ ಆರೂವರೆಗೆ, ಎರಡನೆಯದು ಒಂಬತ್ತಕ್ಕೆ. ಅದು ಬೇಡವಾದರೆ ಮೇಲಿನ ಮಹಡಿಯಲ್ಲಿ ಬಫೆ. ಯಾವ ಮೇಜು ಎಂದು ಒಮ್ಮೆ ನಿಗದಿಯಾದರೆ ಬದಲಾಯಿಸುವಂತಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಾ ಸಭೆ ಸೇರಿತು. ನಮ್ಮ ಮನೆಯ ದೋಸೆಯ ಕ್ರಮ ಹೇಗೆಂದರೆ, ವಿಶಾಲು ಒಲೆಯ ಮುಂದೆ ನಿಂತು ಒಂದೊಂದಾಗಿ ಹುಯ್ದು ಕೊಡುತ್ತಾಳೆ, ನಾವು ಒಂದೊಂದಾಗಿ ಮುಗಿಸುತ್ತೇವೆ. "ನೀನೂ ಬಾರೇ" ಎಂದು ನಾನು ತಪ್ಪದೆ ಕರೆಯುತ್ತೇನೆ. "ನೀವೆಲ್ಲ ಮಾಡಿ, ನಾನು ಆಮೇಲೆ ಮಾಡ್ತೀನಿ" ಎನ್ನುತ್ತಾಳೆ. "ಸರಿ ಹಾಗಾದ್ರೆ" ಎಂದು ನಾನು ಮುಂದಿನ ದೋಸೆಗೆ ಕೈ ಹಾಕುತ್ತೇನೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ, ಒಂದು ದಿನವೂ ತಕರಾರು ಬಂದಿಲ್ಲ.

"ಇಷ್ಟು ಲಗೂ ಯಾರ್ ಊಟಾ ಮಾಡ್ತಾರ್ರೀ ಮಾವಾರ?" ಎಂದು ಅಳಿಯ ಆರೂವರೆ ಎಂದದ್ದಕ್ಕೇ ಹೌಹಾರಿದ. "ಅದು ನಮಗ ಚಹಾ ಕುಡಿಯೂ ಹೊತ್ತರೀ."

"ಏಳು ಗಂಟೆ ದಾಟಿದ್ರೆ ನಂಗೆ ಜೀರ್ಣ ಆಗಲ್ಲಪ್ಪ," ಎಂದರು ಅಮ್ಮ. "ಈರುಳ್ಳಿ ಬೆಳ್ಳುಳ್ಳಿ ಹಾಕಿರಬಾರದು, ಮೊದಲೇ ಹೇಳಿಬಿಡು."

ಆಗ ವಿಶಾಲು ದೋಸೆ ತಿರುವುವ ಮೊಗಚೆಕೈ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. "ನಂದೊಂದೇ ಕಂಡಿಷನ್ನು. ಮೂರು ದಿನದಲ್ಲಿ ಒಂದ್ ಸಲ ಆದ್ರೂ ನಾವೆಲ್ಲ ಒಂದೇ ಟೇಬಲ್ಲಲ್ಲಿ ಕೂತು ಊಟ ಮಾಡ್ಬೇಕು. ನಾನು ಮಧ್ಯ ಏಳಬಾರದು. ಬಿಸಿಯಾಗಿ ತಿನ್ಬೇಕು. ಕಿಟಕಿ ಪಕ್ಕ ಸಿಕ್ಕಿದ್ರೆ ಸಮುದ್ರ ನೋಡ್ತೀನಿ, ಇಲ್ದಿದ್ರೂ ಪರ್ವಾಗಿಲ್ಲ. ಒಟ್ಟಿಗೆ ಕೂರೋದು ಮಾತ್ರ ಆಗ್ಲೇಬೇಕು." ಇಷ್ಟು ಹೇಳಿ, ದೋಸೆ ಸೀದ ವಾಸನೆ ಬಂದದ್ದರಿಂದ ಒಳಗೆ ಓಡಿದಳು. ಮೂವತ್ತು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ಅಪ್ಪಾ, ಫಾರಂ ನಾನು ತುಂಬ್ತೀನಿ ಬಿಡಿ," ಎಂದಳು ಮೇಘ.

"ಪಂಕ್ತಿ ವಿಷಯ ನನಗೆ ಬಿಡು," ಎಂದೆ. ನನ್ನ ದನಿಯಲ್ಲಿದ್ದ ಗತ್ತಿಗೆ ಅವಳು ಮತ್ತೆ ದೋಸೆಗೆ ಕೈ ಹಾಕಿದಳು.

ಫಾರಮ್ಮನ್ನು ನಾನೇ ತುಂಬಿದೆ. ಒಂದೇ ಫಾರಮ್ಮಿನಲ್ಲಿ ಐವರನ್ನು ತುರುಕಿದರೆ ಅಮ್ಮನ ಪಥ್ಯ ಅಳಿಯನ ತಟ್ಟೆಗೆ ಹೋದೀತೆಂದು ಒಬ್ಬೊಬ್ಬರಿಗೆ ಒಂದೊಂದು ತುಂಬಿದೆ. ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕೆಂದರೆ ಜೈನ ಊಟವೊಂದೇ ಇತ್ತು, ಅದನ್ನೇ ಗುರುತು ಮಾಡಿದೆ. ಎಲ್ಲರಿಗೂ ಮೊದಲ ಪಂಕ್ತಿ. ಕೊನೆಯಲ್ಲಿ "ನೀವು ಯಾರ ಜೊತೆ ಕೂರಲು ಇಚ್ಛಿಸುತ್ತೀರಿ?" ಎಂದು ಒಂದು ಚೌಕವಿತ್ತು. ಐದರಲ್ಲೂ ಅದನ್ನು ಖಾಲಿ ಬಿಟ್ಟೆ. ಯಾವ ಛತ್ರದಲ್ಲಿ ಇಂಥ ಪ್ರಶ್ನೆ ಕೇಳುತ್ತಾರೆ? ಬಾಗಿಲು ತೆರೆದ ಕೂಡಲೇ ನುಗ್ಗುವುದು, ಸಾಲಾಗಿ ಐದು ಎಲೆ ಹಿಡಿಯುವುದು, ಕರ್ಚೀಫು ಹಾಸುವುದು. ಇದಕ್ಕೆ ಬರವಣಿಗೆ ಯಾಕೆ?

ಮೊದಲ ಸಂಜೆ ಆರೂಕಾಲಿಗೇ ನಾವು ಊಟದ ಮನೆಯ ಬಾಗಿಲಲ್ಲಿದ್ದೆವು. ಬಾಗಿಲು ತೆರೆದಾಗ ನುಗ್ಗಲು ಮುಂದಾದ ನನ್ನನ್ನು ಕೋಟು ತೊಟ್ಟ ಮೇಲ್ವಿಚಾರಕರು ನಯವಾಗಿ ತಡೆದು, ಪಟ್ಟಿ ನೋಡಿ, ಐವರನ್ನು ಐದು ದಿಕ್ಕಿಗೆ ಕಳಿಸಿದರು. ಐದು ಫಾರಂ, ಐದು ಊಟ, ಜೊತೆಗೆ ಯಾರೂ ಬೇಡವೆಂದು ಐದು ಖಾಲಿ ಚೌಕ. ಅವರ ಲೆಕ್ಕದಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡದ ಐದು ಜನ. ಅಮ್ಮನನ್ನು ಸೂರತ್ತಿನ ಒಂದು ದೊಡ್ಡ ಕುಟುಂಬದ ನಡುವೆ ಕೂರಿಸಿದರು. ಜೈನ ಊಟದಲ್ಲಿ ಆಲೂಗೆಡ್ಡೆಯೂ ಇಲ್ಲವೆಂದು ಅಮ್ಮನಿಗೆ ಅಲ್ಲೇ ಗೊತ್ತಾಯಿತು. "ಆಲೂಗೆಡ್ಡೆ ಏನ್ ಪಾಪ ಮಾಡಿತ್ತೋ?" ಎಂದು ಅಷ್ಟು ದೂರದಿಂದ ಕೇಳಿದರು. ಅಳಿಯ ಹಸಿವಿಲ್ಲದೆ ಸೂಪನ್ನು ಚಮಚದಲ್ಲಿ ತಿರುವುತ್ತಿದ್ದ. ವಿಶಾಲು ಎಲ್ಲಿ ಎಂದು ಹುಡುಕಿದೆ. ಕಂಬದ ಪಕ್ಕದ ಮೇಜಿನಲ್ಲಿ ಮೂವರು ಅಪರಿಚಿತ ಮುದುಕರ ನಡುವೆ ಅವಳಿದ್ದಳು. ಎದ್ದು ನಿಂತಿದ್ದಳು! ಒಬ್ಬರಿಗೆ ಬ್ರೆಡ್ಡು ದಾಟಿಸಿ, ಇನ್ನೊಬ್ಬರಿಗೆ ನೀರು ಬಗ್ಗಿಸುತ್ತಿದ್ದಳು.

ಎರಡನೆಯ ಸಂಜೆ, ಪಂಕ್ತಿಯೇ ಬೇಡವೆಂದು ಎಲ್ಲರನ್ನೂ ಮೇಲಿನ ಬಫೆಗೆ ಕರೆದೊಯ್ದೆ. ಅಲ್ಲಿ ಐವರೂ ಒಂದೇ ಮೇಜಿಗೆ ಬಂದೆವು, ಆದರೆ ಒಂದೇ ಹೊತ್ತಿಗೆ ಬರಲಿಲ್ಲ. ಅಮ್ಮನ ಮೊಣಕಾಲಿಗೆ ಸಾಲಿನಲ್ಲಿ ನಿಲ್ಲುವುದಾಗದು. ಅವರಿಗೆ ಆಲೂಗೆಡ್ಡೆ ಪಲ್ಯ ತರಲು ವಿಶಾಲು ಎದ್ದಳು. ನೀರಿಗೆ ಎದ್ದಳು. ಮೊಸರನ್ನಕ್ಕೆ ಎದ್ದಳು, ಅದನ್ನು ಕೇಳಿದರೆ ಮಾತ್ರ ಕಲಸಿಕೊಡುತ್ತಿದ್ದರು. ನನಗೆ ಉಪ್ಪಿನಕಾಯಿ ಬೇಕೆನಿಸಿತು, ಅದಕ್ಕೂ ಅವಳೇ ಎದ್ದಳು. ಅವಳ ತಟ್ಟೆಯ ಪೂರಿ ಚಪ್ಪಟೆಯಾಗಿ ತಣ್ಣಗೆ ಬಿದ್ದಿತ್ತು.

"ಪರ್ವಾಗಿಲ್ಲ ಬಿಡಿ," ಎಂದಳು. "ಸಮುದ್ರ ಚೆನ್ನಾಗಿದೆ."

ಅವಳು ಜಗಳವಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಈ ಪರ್ವಾಗಿಲ್ಲ ಎನ್ನುವುದು ನನಗೆ ಚುಚ್ಚಿತು. ಸಾವಿರ ಮದುವೆ ಉಂಡವನು ಹೆಂಡತಿಗೆ ಒಂದು ಪಂಕ್ತಿ ಹೊಂದಿಸಲಾರದೆ ಹೋದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಮೇಲ್ವಿಚಾರಕರನ್ನು ಹಿಡಿದು ಬೇಡಿಕೊಂಡೆ. ಎಲ್ಲ ಮೇಜೂ ಭರ್ತಿ ಎಂದರು. ಯಾರಾದರೂ ಬೇಗ ಊಟ ಮುಗಿಸಿ ಎದ್ದರೆ ಆ ಮೇಜಿಗೆ ನೀವು ಕೂರಬಹುದು, ಅದಕ್ಕೆ ನಮ್ಮ ಅಡ್ಡಿಯಿಲ್ಲ ಎಂದೂ ಸೇರಿಸಿದರು. ಅವರು ಸಮಾಧಾನಕ್ಕೆ ಹೇಳಿದ್ದು. ನಾನು ಯಾರೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಕೊನೆಯ ಸಂಜೆ ನಾಲ್ವರನ್ನೂ ಬಾಗಿಲ ಬಳಿಯ ಸೋಫಾದಲ್ಲಿ ಕೂರಿಸಿ, "ನಾನು ಕೈ ಎತ್ತಿದ ಕೂಡ್ಲೇ ಬಂದುಬಿಡಿ" ಎಂದೆ.

"ಅಪ್ಪಾ, ಪ್ಲೀಸ್, ಇಲ್ಲೆಲ್ಲ ಹಾಗೆ ಮಾಡ್ಬೇಡಿ. ಮಾನ ಹೋಗುತ್ತೆ," ಎಂದು ಮೇಘ ನನ್ನ ತೋಳು ಹಿಡಿದಳು.

"ಮಾನ ಹೋದ್ರೂ ಪಂಕ್ತಿ ಹೋಗಬಾರದಮ್ಮ," ಎಂದು ಬಿಡಿಸಿಕೊಂಡು ಒಳಗೆ ಹೋದೆ.

ಮೂಲೆಯ ಕಿಟಕಿಯ ಮೇಜು ನನ್ನ ಕಣ್ಣಿಗೆ ಬಿತ್ತು. ಹೊರಗೆ ಸೂರ್ಯ ಮುಳುಗುವುದರಲ್ಲಿದ್ದ. ಬಿಳಿ ಅಂಗಿಯ ಯಜಮಾನರು, ಅವರ ಹೆಂಡತಿ, ಮಗ, ಸೊಸೆ ಕೂತಿದ್ದರು. ಅವರೆದುರು ಐಸ್‌ಕ್ರೀಮು ಬಂದಿತ್ತು. ಐಸ್‌ಕ್ರೀಮು ಎಂದರೆ ಮಜ್ಜಿಗೆಯ ಹಂತ. ನಾನು ಹೋಗಿ ಯಜಮಾನರ ಕುರ್ಚಿಯ ಹಿಂದೆ ನಿಂತು, ಕೈಯನ್ನು ಹಗುರವಾಗಿ ಅದರ ಬೆನ್ನಿನ ಮೇಲಿಟ್ಟು, ಸಮುದ್ರ ನೋಡತೊಡಗಿದೆ.

ಸುತ್ತಲಿನ ಮೇಜಿನವರು ಚಮಚ ಕೆಳಗಿಟ್ಟು ನನ್ನತ್ತ ತಿರುಗಿದರು. ಮೇಲ್ವಿಚಾರಕರು ಗಾಬರಿಯಾಗಿ ಓಡಿ ಬಂದು, ಮೈಯಲ್ಲಿ ಹುಷಾರಿಲ್ಲವೇ, ಡಾಕ್ಟರನ್ನು ಕರೆಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟರಲ್ಲಿ ಬಿಳಿ ಅಂಗಿಯವರು ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಕೈ ನೋಡಿದರು. ಮುಖ ಅರಳಿತು.

"ಯಾವ ಕಡೆಯೋರು ಸ್ವಾಮಿ? ಬೆಂಗ್ಳೂರಾ?"

"ಜಯನಗರ. ಅಂಗಡಿ ಬನಶಂಕರೀಲಿ."

"ನಿಂತಿರೋ ಗತ್ತು ನೋಡಿದ್ರೇನೇ ಗೊತ್ತಾಯ್ತು, ನಮ್ಮೋರೇ ಅಂತ! ನಾವು ಹೊಸಕೆರೆಹಳ್ಳಿಯೋರು. ಮೂರು ದಿನದಿಂದ ಹಿಂದೆ ಯಾರೂ ನಿಂತ್ಕೊಳ್ದೆ ಊಟ ಮಾಡಿ ಮಾಡಿ ಊಟ ಮಾಡ್ದಂಗೇ ಇರ್ಲಿಲ್ಲ." ಮೇಲ್ವಿಚಾರಕರಿಗೆ ಕೈಸನ್ನೆಯಲ್ಲೇ ಹೋಗಿ ಎಂದು, ಮನೆಯವರ ಕಡೆ ತಿರುಗಿದರು. "ಏಯ್, ಬೇಗ್ ಬೇಗ್ ಮುಗಿಸ್ರೋ. ಜನ ಕಾಯ್ತಾವ್ರೆ."

ಐಸ್‌ಕ್ರೀಮು ಎರಡೇ ನಿಮಿಷದಲ್ಲಿ ಮಾಯವಾಯಿತು. ಅವರೆಲ್ಲ ಎದ್ದರು. ನಾನು ಕೈ ಎತ್ತಿದೆ. ಅಮ್ಮ, ವಿಶಾಲು, ಮಗಳು, ಅಳಿಯ ಬಂದು ಕೂತರು. ವಿಶಾಲುವಿಗೆ ಕಿಟಕಿಯ ಪಕ್ಕದ ಕುರ್ಚಿ. ಅವಳ ಮುಖದ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಗೆದ್ದೆ ಎಂದುಕೊಂಡು ನಾನೂ ಕೂರಲು ನೋಡಿದರೆ, ಕುರ್ಚಿಯಿಲ್ಲ. ಅದು ನಾಲ್ವರ ಮೇಜು. ಸೋಫಾದಲ್ಲಿ ಕೂತವರನ್ನೇ ಎಣಿಸಿಕೊಂಡು ಬಂದಿದ್ದ ನಾನು ನನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇನ್ನೊಂದು ಕುರ್ಚಿ ಹಾಕಿ ಎಂದರೆ, ಬಡಿಸುವ ಗಾಡಿ ಓಡಾಡುವ ದಾರಿ, ಆಗುವುದಿಲ್ಲ ಎಂದರು ಮೇಲ್ವಿಚಾರಕರು.

ಅಷ್ಟರಲ್ಲಿ ಹಬೆಯಾಡುವ ಸೂಪು ಬಂತು. ವಿಶಾಲು ಚಮಚ ಕೈಯಲ್ಲಿ ಹಿಡಿದು ನನ್ನನ್ನು ನೋಡಿದಳು. "ನೀವೂ ಬನ್ರೀ. ಹೇಗಾದ್ರೂ ಒತ್ತರಿಸಿಕೊಂಡು ಕೂತ್ಕೊಳ್ಳೋಣ."

"ನೀವೆಲ್ಲ ಮಾಡಿ, ನಾನು ಆಮೇಲೆ ಮಾಡ್ತೀನಿ," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಇನ್ನೊಂದು ಸಲ ಕರೆಯಲಿ ಎಂದು ಎಷ್ಟು ಆಸೆಯಾಗುತ್ತದೆ ಎನ್ನುವುದೂ ಗೊತ್ತಾಯಿತು. ಒಂದೇ ಒಂದು ಸಲ ಕರೆದರೆ ಸಾಕು, ಕುರ್ಚಿಯ ತುದಿಯಲ್ಲಾದರೂ ಕೂತುಬಿಡುತ್ತಿದ್ದೆ. ವಿಶಾಲು ನನ್ನನ್ನು ಒಂದು ಕ್ಷಣ ನೋಡಿದಳು. ತುಟಿಯ ಅಂಚಿನಲ್ಲಿ ಸಣ್ಣ ನಗೆಯಿತ್ತು.

"ಸರಿ ಹಾಗಾದ್ರೆ," ಎಂದು ಸೂಪಿಗೆ ಚಮಚ ಹಾಕಿದಳು.

ಸೂಪಾದ ಮೇಲೆ ರೊಟ್ಟಿ ಬಂತು, ಪಲ್ಯ ಬಂತು, ಅನ್ನ ಬಂತು. ಅವಳು ಒಮ್ಮೆಯೂ ಏಳಲಿಲ್ಲ. ಅಮ್ಮನಿಗೆ ನೀರು ಬೇಕಾದಾಗ ನಾನು ಬಗ್ಗಿಸಿದೆ, ಅಳಿಯನಿಗೆ ಉಪ್ಪಿನಕಾಯಿ ನಾನೇ ತಂದೆ. ಆಮೇಲೆ ಮಾಡುವುದು ಏನೂ ಇಲ್ಲದ್ದರಿಂದ ಅಭ್ಯಾಸಬಲದಿಂದ ಹೋಗಿ ಅವಳ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನಿನ ಮೇಲೆ ಹಗುರವಾಗಿ ಕೈಯಿಟ್ಟು, ಸಮುದ್ರ ನೋಡತೊಡಗಿದೆ. ಹೊಟ್ಟೆ ತಾಳ ಹಾಕುತ್ತಿತ್ತು.

ವಿಶಾಲು ಹಿಂತಿರುಗಿ ನೋಡದೆಯೇ ಹೇಳಿದಳು: "ಇನ್ನೂ ಮೊಸರನ್ನಕ್ಕೆ ಬಂದಿಲ್ಲ ರೀ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."